5ನೇ ಅನುಸೂಚಿ ಇಲ್ಲದ ರಾಜ್ಯದಲ್ಲಿ ನಮ್ಮ ಹಾಡಿ ತನ್ನನ್ನು ತಾನೇ ಆಳಿಕೊಳ್ಳೋದು ಸಾಧ್ಯವಾ?

ಕರ್ನಾಟಕಕ್ಕೆ 5ನೇ ಅನುಸೂಚಿ (ಬುಡಕಟ್ಟು ಪ್ರದೇಶಗಳಿಗೆ ಸಂವಿಧಾನದಲ್ಲಿರೋ ವಿಶೇಷ ಆಡಳಿತ ವ್ಯವಸ್ಥೆ) ಇಲ್ಲ, ಆ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡೋ 1996ರ ಪೆಸಾ ಕಾಯ್ದೆ ಅನ್ವಯಿಸಲ್ಲ, ಹಾಗಾಗಿ ಮೊದಲು ಅದಕ್ಕೆ ಹೋರಾಡೋದಾ, ಅಲ್ಲೀವರೆಗೆ ಮನೆಮನೆಗೆ ಪಟ್ಟಾ ಮಾಡಿಸ್ಕೊಂಡು ಸುಮ್ಮನಿರೋದಾ ಅಂತ ಕೇಳಿದ್ದೀರಿ. ನಮ್ಮ ಪೋಡಿನಲ್ಲೂ (ನಮ್ಮ ಕಡೆ ಹಾಡಿಗೆ ಪೋಡು ಅಂತಾರೆ) ಇದೇ ಮಾತಾಡ್ತಾ ವರ್ಷಗಳು ಹೋದವು.

ನಮ್ಮದು ಸೋಲಿಗರ ಪೋಡು. ಊರ ಹೆಸರು ಬೇಡ, ಅರ್ಜಿ ಇನ್ನೂ ಮೇಲೆ ಕೂತಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ (ಕಾಡಲ್ಲಿ ಬದುಕೋರ ಹಕ್ಕು ಗುರುತಿಸೋ ಕಾನೂನು) ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಹುಲಿಕಾಡಿನೊಳಗೇ ಕೊಟ್ಟಿದ್ದಾರೆ ಅಂದ್ಮೇಲೆ ನಮಗ್ಯಾಕೆ ಕೊಡಲ್ಲ ಅನ್ನೋ ಧೈರ್ಯ ಬಂತು. ಪೋಡಿನಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ, ಬರವಣಿಗೆ ನನ್ನ ಕೊರಳಿಗೆ ಬಿತ್ತು.

ಅರ್ಜಿಗಳನ್ನ ನೋಡೋ ಅರಣ್ಯ ಹಕ್ಕು ಸಮಿತಿ ಮಾಡೋದು ಕಷ್ಟ ಆಗಲಿಲ್ಲ. ಒಂದು ಮಾತ್ರ ನೆನಪಿಡಿ, ಈ ಕಾಯ್ದೆಯ ಗ್ರಾಮಸಭೆ ಅಂದ್ರೆ ಪಂಚಾಯ್ತಿ ಆಫೀಸಿನ ಹಾಲ್‌ನಲ್ಲಿ ಪಿಡಿಒ ಕರೆಯೋ ಸಭೆ ಅಲ್ಲ, ನಿಮ್ಮ ಹಾಡಿಯವರೇ ಕೂರೋ ಸಭೆ. ಸರ್ವೆ ಆಗದ ಹಳ್ಳಿ, ಕಾಡಿನ ಹಳೇ ನೆಲೆ ಎಲ್ಲವೂ ಗ್ರಾಮವೇ ಅಂತ ಕಾಯ್ದೆಯಲ್ಲಿದೆ. ಅರ್ಧಕ್ಕರ್ಧ ಜನ ಇರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ನಮ್ಮಲ್ಲಿ ಹೆಂಗಸರೇ ಜಾಸ್ತಿ ಬಂದಿದ್ದರು.

ಕೆಟ್ಟಿದ್ದು ಫಾರಂ ತುಂಬುವಾಗ. ಎ ಫಾರಂ ಒಬ್ಬೊಬ್ಬರ ಜಮೀನಿಗೆ. ಬಿ ಫಾರಂ (ಎಲೆಕ್ಷನ್ನಿಂದಲ್ಲ!) ಊರಿನವರು ಕಾಡಿಂದ ಏನೇನು ತರ್ತಾರೆ, ಎಲ್ಲಿ ದನ ಮೇಯಿಸ್ತಾರೆ, ಎಲ್ಲಿ ಮೀನು ಹಿಡೀತಾರೆ ಅನ್ನೋದಕ್ಕೆ. ಸಿ ಫಾರಂ ಆ ಕಾಡನ್ನೇ ಕಾಯೋ, ನೋಡಿಕೊಳ್ಳೋ ಹಕ್ಕಿಗೆ, ಅಂದ್ರೆ ಕಾಯ್ದೆಯ 3(1)(ಐ). 2012ರ ತಿದ್ದುಪಡಿಯಲ್ಲಿ ಸಿ ಫಾರಂ ಬೇರೆಯಾಗಿ ಬಂದಿದ್ದು ನನಗೆ ಗೊತ್ತಿತ್ತು. ಆದರೂ ಬಿಟ್ಟೆ. ಸಿ ಫಾರಂಗೆ ಗಡಿ ಬರೀಬೇಕು, ಅಕ್ಕಪಕ್ಕದ ಊರುಗಳ ಹೆಸರು ಹಾಕಬೇಕು, ನಕಾಶೆ ಬೇಕು. ಬಿ ಫಾರಂಗೆ ಪಟ್ಟಿ ಸಾಕು. ಕಡಿಮೆ ಕೇಳಿದರೆ ಬೇಗ ಕೊಡ್ತಾರೆ, ಉಳಿದದ್ದು ಆಮೇಲೆ ಕೇಳೋಣ ಅಂತ ನನ್ನ ಲೆಕ್ಕ. ಜೇನು, ನೆಲ್ಲಿ, ಸೀಗೆ, ಪಾಚಿ, ಮಾಗಳಿ ಬೇರು ಅಂತ ಒಂದೊಂದೇ ಓದ್ತಾ ಬರೀತಿದ್ದೆ. ನಮ್ಮ ಅಜ್ಜಿ ತಡೆದು, "ಜೇನ ಬರ್ಕಂಡೆ ಸರಿ, ಜೇನು ಕೂರೋ ಮರ ಯಾರ್ದು ಕನಪ್ಪ? ಎಲ್ಲೆ ಬರಿ" ಅಂದರು. ನಾನು, "ಅಜ್ಜಿ, ಅದಕ್ಕೆ ಬೇರೆ ಫಾರಂ ಇದೆ, ಸುಮ್ನಿರು" ಅಂದೆ.

ಹಕ್ಕುಪತ್ರ ಬಂತು, ಪೋಡಿಗೆಲ್ಲ ಸಿಹಿ ಹಂಚಿದ್ವಿ. ಎರಡು ಮಳೆಗಾಲ ಕಳೆಯೋಷ್ಟರಲ್ಲಿ ಸಿ ಫಾರಂ ಬಿಟ್ಟಿದ್ದರ ಬೆಲೆ ಗೊತ್ತಾಯ್ತು. ನಮ್ಮ ಗುಡ್ಡದಲ್ಲಿ ಲಂಟಾನ ಕಳೆ ಮೇಲೆದ್ದು, ಕಾಂಡ ಮುಂಗೈ ದಪ್ಪ ಆಗಿತ್ತು. ಅದರ ಬುಡದಲ್ಲಿ ಒಂದು ನೆಲ್ಲಿ ಸಸಿಯೂ ಇಲ್ಲ. ದೊಡ್ಡ ಮರಗಳಿಗೋ ಬದನಿಕೆ (ಮರದ ಮೇಲೆ ಬೆಳೆದು ಅದರ ರಸ ಹೀರೋ ಗಿಡ) ಹತ್ತಿ ಕೊಂಬೆ ಒಣಗ್ತಿತ್ತು. ಹಿಂದೆ ನಮ್ಮವರು ಬೇಸಿಗೆ ಶುರುವಲ್ಲೇ ತರಗೆಲೆಗೆ ಬೆಂಕಿ ಕೊಡ್ತಿದ್ದರು, ನೆಲ ಮಾತ್ರ ಸುಟ್ಟು ಹೋಗ್ತಿತ್ತು. ಅದು ನಿಂತ ಮೇಲೇ ಲಂಟಾನ ಹೀಗೆ ಹಬ್ಬಿದ್ದು ಅಂತ ಹಿರಿಯರೆಲ್ಲ ಹೇಳ್ತಾರೆ. ನಾವು ಬೆಂಕಿ ಕೇಳಲಿಲ್ಲ. ಲಂಟಾನ ಕಿತ್ತು, ಬದನಿಕೆ ಕಡಿದು, ಯಾವ ಗುಡ್ಡದ ನೆಲ್ಲಿಗೆ ಈ ವರ್ಷ ರಜೆ ಕೊಡಬೇಕು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ಒಯ್ದೆವು. ಕಚೇರಿಯಲ್ಲಿ ಕೂತವರು ನಮ್ಮ ಹಕ್ಕುಪತ್ರವನ್ನೇ ತಿರುಗಿಸಿ, ಒಂದು ಪದದ ಮೇಲೆ ಪೆನ್ನಿಟ್ಟು, "ಸಂಗ್ರಹ ಅಂತಿದೆ, ನಿರ್ವಹಣೆ ಎಲ್ಲಿದೆ ತೋರ್ಸಿ" ಅಂದರು. ತೋರಿಸೋಕೆ ಇರಲಿಲ್ಲ. ಬರೆದವನೂ ನಾನೇ, ಅಲ್ಲಿ ತಲೆತಗ್ಗಿಸಿ ನಿಂತವನೂ ನಾನೇ. ಸಿ ಫಾರಂ ಹಾಕೋಕೆ ಮತ್ತೆ ಸಮಿತಿ, ಮತ್ತೆ ಸಭೆ, ಮತ್ತೆ ಸ್ಥಳ ಪರಿಶೀಲನೆ. ಅಷ್ಟರಲ್ಲಿ ಗಡಿ ಗೊತ್ತಿದ್ದ ಹಿರಿಯರಲ್ಲಿ ಕೆಲವರು ತೀರಿಕೊಂಡಿದ್ದರು. ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯನ್ನ ಬರೆಸಿಕೊಂಡರೆ ಅದೂ ಸಾಕ್ಷಿಯೇ ಅಂತ ಈ ಕಾಯ್ದೆಯ ನಿಯಮ 13ರಲ್ಲಿದೆ. ಮೊದಲೇ ಬರೆಸಿಟ್ಟಿದ್ದರೆ ಎಂಥ ಸಾಕ್ಷಿ ಆಗ್ತಿತ್ತು! ಉಪಗ್ರಹ ಚಿತ್ರ ತನ್ನಿ ಅಂದರೆ ಬಗ್ಗಬೇಡಿ, ಅದು ಬೇರೆ ಸಾಕ್ಷಿಗೆ ಪೂರಕ ಅಷ್ಟೇ. ನಮಗೆ ಈ ಸಲ ಗಟ್ಟಿಯಾಗಿ ನಿಂತಿದ್ದು ಅಜ್ಜಿ ಹೇಳಿದ ಎಲ್ಲೆಯೇ. ದೇವರು, ಮಾರಮ್ಮ, ವೀರು (ಇನ್ನೊಂದು ದೈವ), ಕಲ್ಲುಗುಡಿ (ಸಮಾಧಿ ಕಲ್ಲು), ಅಬ್ಬಿ (ನೀರಿನ ತೊರೆ) ಅಂತ ಒಂದೊಂದು ಕುಲದ ಎಲ್ಲೆಯಲ್ಲೂ ಇರ್ತಾವಲ್ಲ, ಅವನ್ನೇ ಒಂದೊಂದಾಗಿ ನಡೆದು ಗುರುತು ಹಾಕಿದ್ವಿ. ಪೂಜಾಸ್ಥಳ, ಸಮಾಧಿಗಳನ್ನ ನಿಯಮವೇ ಸಾಕ್ಷಿ ಅನ್ನುತ್ತೆ.

ಈಗ ಅನುಸೂಚಿ ವಿಷಯ. ಅದಕ್ಕೆ ಹೋರಾಡಬೇಡಿ ಅಂತಿಲ್ಲ, ಆದರೆ ಅದು ಬಂದ ಮೇಲೇ ಎಲ್ಲಾ ಅನ್ನೋದನ್ನ ನಾನು ಒಪ್ಪಲ್ಲ. ಮಹಾರಾಷ್ಟ್ರದ ಗಡ್ಚಿರೋಲಿಯ ಮೇಂಢಾ ಲೇಖಾ ನೋಡಿ. ಗೊಂಡರ ಊರು. ಅವರಿಗೆ 5ನೇ ಅನುಸೂಚಿಯೂ ಇತ್ತು, ಪೆಸಾನೂ ಇತ್ತು. ಆದರೂ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಸಿಕ್ಕಿದ್ದು 2009ರಲ್ಲಿ, ಇದೇ ಅರಣ್ಯ ಹಕ್ಕು ಕಾಯ್ದೆಯಿಂದ. ಬಿದಿರು ಸಾಗಿಸೋ ಪಾಸ್ ಪುಸ್ತಕ ಗ್ರಾಮಸಭೆ ಕೈಗೆ ಬಂದಿದ್ದು 2011ರಲ್ಲಿ. ಒಡಿಶಾದ ನಿಯಮಗಿರಿ ಬೆಟ್ಟದ 12 ಗ್ರಾಮಸಭೆಗಳು 2013ರಲ್ಲಿ ಗಣಿಗಾರಿಕೆ ಬೇಡ ಅಂದಾಗ ಸುಪ್ರೀಂ ಕೋರ್ಟು ಅವರ ಮುಂದೆ ಇಟ್ಟಿದ್ದ ಪ್ರಶ್ನೆಯೂ ಈ ಕಾಯ್ದೆಯ ಹಕ್ಕುಗಳದ್ದೇ. ಈ ಕಾಯ್ದೆ ನಿಮಗೂ ಇದೆ.

ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳಿಗೆ ಬ್ರಿಟಿಷರ ಜೊತೆ ಮಾಡಿಕೊಂಡ 1840ರ ವೈತಾಂಗಿ ಒಪ್ಪಂದ ಇದೆ, ನಮಗೇನಿದೆ ಅಂತಲೂ ಬರೆದಿದ್ದೀರಿ. ನಮ್ಮ ಹಿರಿಯರ ಜೊತೆ ಯಾವ ಸರ್ಕಾರವೂ ಒಪ್ಪಂದಕ್ಕೆ ಕೂರಲಿಲ್ಲ, ನಿಜ. ಆದರೆ ಒಪ್ಪಂದ ಇದ್ದವರೂ ಅದರ ಉಲ್ಲಂಘನೆ ವಿಚಾರಿಸೋ ಟ್ರಿಬ್ಯುನಲ್‌ಗೆ 1975ರವರೆಗೆ ಕಾದರು. ನಮ್ಮ ಕಾಯ್ದೆಗೆ ಅಷ್ಟು ವಯಸ್ಸೇ ಆಗಿಲ್ಲ, ನಾವಾಗಲೇ ಕೈಚೆಲ್ಲಿ ಕೂತಿದ್ದೀವಿ.

ಪಟ್ಟಾ ಮೊದಲು ಅನ್ನೋದು ನನ್ನ ಪ್ರಕಾರ ತಪ್ಪು ದಾರಿ. ಕಾಯ್ದೆಯಲ್ಲಿ ಹೆಚ್ಚೆಂದರೆ 4 ಹೆಕ್ಟೇರ್, ನಮ್ಮ ಕಡೆ ಕೈಗೆ ಬರೋದು ಎಕರೆ ಲೆಕ್ಕ. ಪಟ್ಟಾ ಬಂದ ಮನೆಯವರು ಆಮೇಲೆ ಸಭೆಗೆ ಬರಲ್ಲ, ನಾನು ಕಣ್ಣಾರೆ ನೋಡಿದ್ದೀನಿ. ಎ ಫಾರಂ ಹಾಕಿ, ಆದರೆ ಸಿ ಫಾರಂ ಜೊತೆಗೇ ಹಾಕಿ, ಒಂದೇ ದಿನ.

ಹಾಕೋಕೆ ಮುಂಚೆ ಪಕ್ಕದ ಹಾಡಿಯವರ ಜೊತೆ ಕೂತುಬಿಡಿ. ನಮಗೆ ಈಗ ಉಳಿದಿರೋ ತಕರಾರು ಒಂದು ಅಬ್ಬಿಯದ್ದು, ಪಕ್ಕದ ಪೋಡಿನವರೂ ಅದು ತಮ್ಮದು ಅಂತಾರೆ. ಗಡಿ ತಕರಾರಿದ್ದರೆ ಎರಡೂ ಕಡೆಯ ಅರಣ್ಯ ಹಕ್ಕು ಸಮಿತಿಗಳು ಒಟ್ಟಿಗೆ ಕೂತು ಬರೆದುಕೊಡಬೇಕು ಅಂತ ನಿಯಮ ಇದೆ. ರೊಟ್ಟಿ ಹಬ್ಬ ಮುಗಿದ ಮೇಲೆ ಕೂರೋಣ ಅಂದಿದ್ದಾರೆ. ನೀರು ಇಬ್ಬರಿಗೂ ಅಂತ ಇಬ್ಬರ ಫಾರಂನಲ್ಲೂ ಬರೆಸೋದು ನನ್ನ ಆಸೆ, ಅವರಲ್ಲಿ ಒಬ್ಬ ಹಿರಿಯರು ಇನ್ನೂ ಒಪ್ಪಿಲ್ಲ.