ನೋಯದ ಹಲ್ಲನ್ನು ಯಾಕೆ ತೋರಿಸಬೇಕು?

ಡೊಂಬಿವಲಿಯಿಂದ ಬರೆದ ಸೋದರಿಗೆ ನಮಸ್ಕಾರ. 'ಹಲ್ಲು ನೋಯುತ್ತಿಲ್ಲ. ಆದರೂ ಆರು ತಿಂಗಳಿಗೊಮ್ಮೆ ಬನ್ನಿ ಅಂತಾರೆ ಡಾಕ್ಟರು. ಇದು ದುಡ್ಡು ಕೀಳೋ ದಾರಿ ಅಲ್ವಾ? ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ಅತ್ತೆ ಬೇರೆ ಹೆದರಿಸುತ್ತಾರೆ' ಎಂದು ಕೇಳಿದ್ದೀರಿ.

ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಆರು ತಿಂಗಳು ಅನ್ನೋದು ಎಲ್ಲರಿಗೂ ಒಂದೇ ಲೆಕ್ಕವಲ್ಲ. ಬ್ರಿಟನ್ನಿನ ಮಾರ್ಗಸೂಚಿಯಂತೂ ದೊಡ್ಡವರಿಗೆ ಅವರವರ ಬಾಯಿಯ ಸ್ಥಿತಿ ನೋಡಿ 3 ತಿಂಗಳಿಂದ 24 ತಿಂಗಳವರೆಗೆ ಎಷ್ಟಾದರೂ ಗಡುವು ಇಡಬಹುದು ಅನ್ನುತ್ತದೆ. ಹಾಗಾಗಿ 'ನಾನು ಮತ್ತೆ ಯಾವಾಗ ಬರಬೇಕು, ಯಾಕೆ?' ಎಂದು ನೇರವಾಗಿ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಜಾಸ್ತಿ ತಡ ಮಾಡುವಂತಿಲ್ಲ, ಅದಕ್ಕೂ ವಸಡಿನ ರೋಗಕ್ಕೂ ನಂಟಿದೆ.

ಆದರೆ ನೋವಿಲ್ಲ ಅನ್ನೋ ವಾದ ಮಾತ್ರ ನಿಲ್ಲೋದಿಲ್ಲ. ಹಲ್ಲಿನ ಮೇಲ್ಪದರ ಎನಾಮೆಲ್, ಅದರಲ್ಲಿ ನರವೇ ಇಲ್ಲ. ಹುಳುಕು ಅಲ್ಲಿರುವಾಗ ನಿಮಗೆ ಗೊತ್ತೇ ಆಗುವುದಿಲ್ಲ, ಸಣ್ಣ ಫಿಲ್ಲಿಂಗಿನಲ್ಲಿ ಮುಗಿಯುವ ಹೊತ್ತೂ ಅದೇ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು ಬಂತು ಅಂದರೆ ಅದು ಒಳಗಿನ ನರದ ತನಕ ಇಳಿದಿರುತ್ತದೆ, ಆಮೇಲೆ ರೂಟ್ ಕೆನಾಲ್, ಕ್ಯಾಪ್ ಅಂತ ಖರ್ಚು ಏರುತ್ತಾ ಹೋಗುತ್ತದೆ. ದುಡ್ಡು ಹೋಗೋದು ಹೆಚ್ಚಾಗಿ ಅಲ್ಲೇ.

ಕ್ಲೀನಿಂಗಿನಿಂದ ಹಲ್ಲು ಸಡಿಲ ಆಗೋದಿಲ್ಲ. ಗಟ್ಟಿಯಾದ ಪಾಚಿ ಹಲ್ಲಿನ ಸಂದಿಯಲ್ಲಿ ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ನಾಲಿಗೆಗೆ ಸಂದಿ ಸಿಗುತ್ತದೆ, ಒಂದೆರಡು ದಿನ ಜುಮ್ಮೆನ್ನುತ್ತದೆ, ಅಷ್ಟೆ. ವಸಡು ಇಳಿಸಿ ಹಲ್ಲು ಅಲ್ಲಾಡಿಸುವುದು ಆ ಪಾಚಿಯೇ.

ನನಗೆ ಚಿಂತೆ ಹತ್ತಿಸಿದ್ದು ನೀವು ಪತ್ರದ ಕೊನೆಯಲ್ಲಿ ಸುಮ್ನೆ ಬರೆದ ಒಂದು ಸಾಲು: ಅತ್ತೆ ದಿನಾ ಮಿಶ್ರಿ ತಿಕ್ಕುತ್ತಾರೆ, ಕೆನ್ನೆಯ ಒಳಗೊಂದು ಬಿಳಿ ಕಲೆ ಇದೆ, ನೋವೇನಿಲ್ಲವಂತೆ. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲುಪುಡಿ ಅಲ್ಲ. ಎರಡು ವಾರ ಕಳೆದರೂ ಹೋಗದ ಕಲೆ, ಹುಣ್ಣು ಯಾವುದೇ ಇರಲಿ, ತೋರಿಸಲೇಬೇಕು. ಬಾಯಿಯ ಕ್ಯಾನ್ಸರ್ ಕೂಡ ಶುರುವಿನಲ್ಲಿ ನೋಯದೇ ಇರಬಹುದು. ಎಲ್ಲ ಕಲೆಯೂ ಕ್ಯಾನ್ಸರ್ ಅಲ್ಲ, ನಿಜ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ನಾನೂ ಅಲ್ಲ ನೀವೂ ಅಲ್ಲ. ಖರ್ಚಿನ ಯೋಚನೆ ಇದ್ದರೆ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲು ಹತ್ತಿ. ಅಲ್ಲೇ ಹತ್ತಿರದ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲೇ ಸರ್ಕಾರಿ ದಂತ ಕಾಲೇಜಿದೆ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತದೆ. ನಿಮ್ಮ ಹಲ್ಲಿನ ಸರದಿ ಆಮೇಲೆ, ಈ ವಾರ ಮೊದಲು ಅತ್ತೆಯವರನ್ನು ಕರೆದುಕೊಂಡು ಹೋಗಿ.