ಕೇಕಿನ ಕ್ರೀಮಿಗೆ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಟರ್‌ಕ್ರೀಮಿಗೆ ನೀಲಿ ಹಾಕಿದರೆ ಪ್ರತಿ ಸಲ ಹಸಿರಿಗೆ ತಿರುಗುತ್ತದೆ. ಬಣ್ಣವೇ ಕಳಪೆಯೇ?
- ಓದುಗರು, ಹಾಸನ

ಉತ್ತರ: ಬಣ್ಣ ಸರಿಯಾಗಿಯೇ ಇದೆ, ಹಳದಿ ಇರುವುದು ಬೆಣ್ಣೆಯಲ್ಲಿ. ಅಂಗಡಿಯ ಉಪ್ಪುಬೆಣ್ಣೆ ಕೆಲವಕ್ಕೆ ಮೇಲಿಂದ ಅನಾಟೊ ಎಂಬ ಹಳದಿ ಬಣ್ಣವನ್ನೂ ಸೇರಿಸಿರುತ್ತಾರೆ, ಪೊಟ್ಟಣದ ಮೇಲೆ ನೋಡಿ. ಉಪ್ಪಿಲ್ಲದ ಬಿಳಿ ಬೆಣ್ಣೆ ತೆಗೆದುಕೊಳ್ಳಿ. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಾದ 250 ಗ್ರಾಂ ಬೆಣ್ಣೆಯನ್ನು, ಸಕ್ಕರೆ ಹಾಕುವ ಮೊದಲೇ, ಬೀಟರ್‌ನಲ್ಲಿ 6ರಿಂದ 8 ನಿಮಿಷ ಬಿಡದೆ ಹೊಡೆಯಿರಿ. ಗಾಳಿ ತುಂಬಿದಂತೆ ಅದು ಕೆನೆಬಣ್ಣಕ್ಕೆ ಬರುತ್ತದೆ. ಆಮೇಲೆ ಜರಡಿ ಹಿಡಿದ ಐಸಿಂಗ್ ಶುಗರ್ 400 ಗ್ರಾಂ ಸೇರಿಸಿ.

ಇಷ್ಟಾದರೂ ಹಳದಿ ಛಾಯೆ ಉಳಿದಿದ್ದರೆ ಟೂತ್‌ಪಿಕ್‌ನ ತುದಿಗೆ ಅಂಟುವಷ್ಟೇ ನೇರಳೆ ಜೆಲ್ (ಗಟ್ಟಿ ಲೋಳೆಯಂಥ ತಿನ್ನುವ ಬಣ್ಣ) ಹಾಕಿ ಕಲಸಿ. ನೇರಳೆ ಹಳದಿಯನ್ನು ಹೊಡೆದುಹಾಕುತ್ತದೆ. ಸ್ವಲ್ಪ ಹೆಚ್ಚಾದರೂ ಕ್ರೀಮ್ ಬೂದಿಯ ಬಣ್ಣಕ್ಕೆ ಹೋಗುತ್ತದೆ, ಆಗ ಸರಿಪಡಿಸಲು ಬಿಳಿ ಕ್ರೀಮ್ ಸೇರಿಸುವುದೊಂದೇ ದಾರಿ. ಆದ್ದರಿಂದ ಕಾಲು ಭಾಗ ಬಣ್ಣವಿಲ್ಲದ ಕ್ರೀಮನ್ನು ಯಾವಾಗಲೂ ಎತ್ತಿಡಿ. ನೀಲಿ ಹಾಕುವುದು ಇದೆಲ್ಲ ಮುಗಿದ ಮೇಲೆ. ಬಣ್ಣ ಸರಿಯಿದೆಯೇ ಎಂದು ಕಿಟಕಿಯ ಬೆಳಕಲ್ಲಿ ನೋಡಿ, ಹಳದಿ ಬಲ್ಬಿನ ಕೆಳಗೆ ಬೇಡ.

ಪ್ರಶ್ನೆ: ಕೆಂಪು ಎಷ್ಟು ಹಾಕಿದರೂ ಗುಲಾಬಿಯೇ. ಕೊನೆಗೆ ಕ್ರೀಮ್ ಕಹಿಯಾಯಿತು. ಕಪ್ಪು ಬಣ್ಣಕ್ಕೂ ಇದೇ ಪಾಡು.
- ಓದುಗರು, ಶಿವಮೊಗ್ಗ

ಉತ್ತರ: ನಿಮಗೆ ಬೇಕಾಗಿರುವುದು ಸಮಯ, ಇನ್ನಷ್ಟು ಬಣ್ಣವಲ್ಲ. ಹೊಡೆದ ಕ್ರೀಮಿನ ತುಂಬ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಅವು ಬೆಳಕನ್ನು ಚದುರಿಸುವುದರಿಂದ ಹಾಕಿದ ಬಣ್ಣ ಪೇಲವವಾಗಿ ಕಾಣುತ್ತದೆ. ಜೊತೆಗೆ ಜೆಲ್‌ನ ಬಣ್ಣ ಕರಗುವುದು ನೀರಿನಲ್ಲಿ, ಬಟರ್‌ಕ್ರೀಮಿನಲ್ಲಿ ನೀರಿನಂಶ ಕಡಿಮೆ. ಹೀಗಾಗಿ ಅದು ಪೂರ್ತಿ ಬಿಚ್ಚಿಕೊಳ್ಳಲು ಗಂಟೆಗಟ್ಟಲೆ ಬೇಕು.

ಹಿಂದಿನ ರಾತ್ರಿಯೇ ಮಾಡಿಡಿ. 250 ಗ್ರಾಂ ಬಟರ್‌ಕ್ರೀಮಿಗೆ ಅರ್ಧ ಟೀಚಮಚ ಕೆಂಪು ಜೆಲ್ ಹಾಕಿ, ಅದು ಗಾಢ ಗುಲಾಬಿಯಾಗಿರುವಾಗಲೇ ಕೈ ನಿಲ್ಲಿಸಿ. ಮುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಒಂದೆರಡು ಛಾಯೆ ಗಾಢವಾಗಿರುತ್ತದೆ. ಕಡಿಮೆ ಎನಿಸಿದರೆ ಆಗ ಇನ್ನು ಕಾಲು ಚಮಚ ಹಾಕಿ. ತುರ್ತಿದ್ದರೆ ಬಣ್ಣ ಹಾಕಿದ ಕ್ರೀಮಿನಲ್ಲಿ ಮೂರು ಚಮಚದಷ್ಟನ್ನು ಬಟ್ಟಲಿಗೆ ತೆಗೆದು ಮೈಕ್ರೋವೇವ್‌ನಲ್ಲಿ 10 ಸೆಕೆಂಡ್ ಇಡಿ. ಅದು ಕರಗಿ, ಗಾಳಿ ಹೋಗಿ, ಕಡುಗೆಂಪಾಗಿ ಹೊಳೆಯುತ್ತದೆ. ಸ್ವಲ್ಪ ಆರಿಸಿ ಉಳಿದದ್ದಕ್ಕೆ ಕಲಸಿ. ಬಾಟಲಿಯ ದ್ರವ ಬಣ್ಣದಿಂದ ಮಾತ್ರ ಕೆಂಪು ಬರುವುದಿಲ್ಲ, ಅಷ್ಟು ಸುರಿಯುವ ಹೊತ್ತಿಗೆ ಕ್ರೀಮ್ ಒಡೆದಿರುತ್ತದೆ.

ಕಪ್ಪಿಗೆ ಬಿಳಿಯಿಂದ ಶುರುಮಾಡಲೇಬೇಡಿ. 250 ಗ್ರಾಂಗೆ ಮೂರು ದೊಡ್ಡ ಚಮಚ ಡಾರ್ಕ್ ಕೋಕೋ ಪುಡಿ ಕಲಸಿ, ಕಂದು ಬಂದ ಮೇಲೆ ಕಪ್ಪು ಜೆಲ್ ಹಾಕಿ. ಬಣ್ಣವೂ ಕಡಿಮೆ ಸಾಕು, ಬಾಯಿ ನಾಲಿಗೆಗೂ ಅಷ್ಟು ಅಂಟುವುದಿಲ್ಲ.

ಪ್ರಶ್ನೆ: ವಿಪ್ಪಿಂಗ್ ಕ್ರೀಮಿಗೆ ಬಣ್ಣ ಹಾಕಿದರೆ ಹೂವು ನಿಲ್ಲುವುದಿಲ್ಲ, ಅಂಚು ತರಿತರಿಯಾಗುತ್ತದೆ.
- ಓದುಗರು, ಹುಬ್ಬಳ್ಳಿ

ಉತ್ತರ: ಗಟ್ಟಿಯಾದ ಮೇಲೆ ಬಣ್ಣ ಹಾಕಿ ಮತ್ತೆ ಮತ್ತೆ ಕಲಸುತ್ತಿದ್ದೀರಿ. ಬೀಟರ್ ಎತ್ತಿದಾಗ ತುದಿ ಬಾಗುವ ಹಂತದಲ್ಲೇ ಜೆಲ್ ಹಾಕಿ, ಬಣ್ಣ ಸೇರುತ್ತ ಹೋದಂತೆ ಕ್ರೀಮೂ ಗಟ್ಟಿಯಾಗಲಿ. ಅತಿಯಾಗಿ ಹೊಡೆದು ತರಿಯಾಗಿದ್ದರೆ ಎರಡು ಚಮಚ ಹೊಡೆಯದ ತಣ್ಣನೆ ಕ್ರೀಮ್ ಹಾಕಿ ಸ್ಪ್ಯಾಚುಲಾದಲ್ಲಿ ಮೆಲ್ಲಗೆ ಮಗುಚಿ. ಮೈಕ್ರೋವೇವ್ ಉಪಾಯ ಇಲ್ಲಿ ಬೇಡ. ಕಡುಗೆಂಪು, ಕಪ್ಪು ಬೇಕೇ ಬೇಕೆಂದರೆ ಆ ಭಾಗವನ್ನಷ್ಟೇ ಬಟರ್‌ಕ್ರೀಮಿನಲ್ಲಿ ಮಾಡುವುದು ಮೇಲು.

ಪ್ರಶ್ನೆ: ಕರಗಿಸಿದ ಬಿಳಿ ಚಾಕೊಲೇಟಿಗೆ ಅದೇ ಜೆಲ್ ಹಾಕಿದೆ, ಮುದ್ದೆಗಟ್ಟಿತು.
- ಓದುಗರು, ಮೈಸೂರು

ಉತ್ತರ: ಜೆಲ್‌ನ ನೀರಿನಂಶ ತಗುಲಿ ಸಕ್ಕರೆ ಹರಳುಗಳು ಒಂದಕ್ಕೊಂದು ಅಂಟಿಕೊಂಡವು. ಚಾಕೊಲೇಟಿಗೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಆಗಬೇಕು. ಮುದ್ದೆಯಾದದ್ದನ್ನು ಚೆಲ್ಲಬೇಡಿ, ಬಿಸಿ ಕ್ರೀಮ್ ಸೇರಿಸಿ ಗನಾಶ್ ಮಾಡಿಕೊಳ್ಳಿ.

ಪ್ರಶ್ನೆ: ಮನೆಯಲ್ಲೇ ಸಿಗುವ ಬಣ್ಣಗಳಿಂದ ಆಗುತ್ತದೆಯೇ?
- ಓದುಗರು, ಶಿರಸಿ

ಉತ್ತರ: ತಿಳಿ ಬಣ್ಣಗಳಿಗೆ ಧಾರಾಳವಾಗಿ. ಒಂದು ಲೋಟ ಬೀಟ್‌ರೂಟ್ ರಸವನ್ನು ಸಣ್ಣ ಉರಿಯಲ್ಲಿ ಎರಡು ಚಮಚಕ್ಕೆ ಇಳಿಸಿ, ಆರಿಸಿ, 250 ಗ್ರಾಂ ಬಟರ್‌ಕ್ರೀಮಿಗೆ ಒಂದು ಟೀಚಮಚ ಹಾಕಿದರೆ ಚೆಂದದ ಗುಲಾಬಿ. ದೊಡ್ಡ ಉರಿಯಲ್ಲಿ ಕುದಿಸಿದರೆ ಕಂದಾಗುತ್ತದೆ. ಒಣಗಿದ ಶಂಖಪುಷ್ಪ 20 ಹೂವನ್ನು ಮೂರು ಚಮಚ ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ ಹಿಂಡಿದರೆ ನೀಲಿ, ಆ ನೀರಿಗೆ ನಿಂಬೆರಸ ಬಿದ್ದರೆ ನೇರಳೆ. ಇದನ್ನು ವಿಪ್ಪಿಂಗ್ ಕ್ರೀಮಿಗೆ ಬಳಸಿ. ಬೆಣ್ಣೆಗೆ ಹಾಕಿದರೆ ಮೇಲೆ ಹಾಸನದವರು ಹೇಳಿದ ಹಸಿರೇ ಗತಿ.

ಸಂತೆಯಲ್ಲಿ ಬಿಡಿಯಾಗಿ ಮಾರುವ, ಚೀಟಿಯಿಲ್ಲದ ಬಣ್ಣದ ಪುಡಿಯನ್ನು ದಯವಿಟ್ಟು ಮುಟ್ಟಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿದ್ದು, ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಮಾದರಿಗಳಲ್ಲಿ ಸಿಕ್ಕಿದ ಮೇಲೆಯೇ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಪರವಾನಗಿ ಸಂಖ್ಯೆ ಮತ್ತು ಬಣ್ಣ ಯಾವುದೆಂದು ಗುರುತಿಸುವ ಐಎನ್‌ಎಸ್ ಸಂಖ್ಯೆ ಇರಲೇಬೇಕು.

ಪ್ರಶ್ನೆ: ಫ್ರಿಜ್‌ನಿಂದ ತೆಗೆದ ಅರ್ಧ ಗಂಟೆಗೆ ಬಿಳಿ ಕ್ರೀಮಿನ ಮೇಲೆ ಬರೆದ ಕೆಂಪು ಹೆಸರು ಹರಡಿಹೋಯಿತು.
- ಓದುಗರು, ಮಂಗಳೂರು

ಉತ್ತರ: ಕರಾವಳಿಯ ತೇವದ ಗಾಳಿ ತಣ್ಣನೆಯ ಕೇಕಿಗೆ ತಗುಲಿ ಹನಿಗಟ್ಟುತ್ತದೆ, ಜೆಲ್ ಬಣ್ಣ ಆ ಹನಿಯಲ್ಲಿ ಕರಗಿ ಹರಿಯುತ್ತದೆ. ಬಟರ್‌ಕ್ರೀಮ್ ಕೇಕಾದರೆ ಡಬ್ಬಿ ಮುಚ್ಚಿದಂತೆಯೇ ಹೊರಗೆ ತೆಗೆದಿಡಿ, ಚಳಿ ಬಿಡುವವರೆಗೆ ಮುಚ್ಚಳ ತೆರೆಯಬೇಡಿ. ಹನಿ ಡಬ್ಬಿಯ ಹೊರಮೈಗೆ ಕೂರುತ್ತದೆ. ವಿಪ್ಪಿಂಗ್ ಕ್ರೀಮಿನ ಕೇಕನ್ನು ಹಾಗೆ ಹೊರಗಿಡಲಾಗದು. ಅದರ ಮೇಲೆ ಹೆಸರನ್ನು ಕತ್ತರಿಸುವ ಸ್ವಲ್ಪ ಮೊದಲು ಬರೆಯಿರಿ, ಇಲ್ಲವೇ ಎಣ್ಣೆಯಲ್ಲಿ ಕರಗುವ ತಿನ್ನುವ ಬಣ್ಣ ಸೇರಿಸಿದ ಚಾಕೊಲೇಟಿನಲ್ಲಿ ಬಟರ್ ಪೇಪರ್ ಮೇಲೆ ಬರೆದು, ಗಟ್ಟಿಯಾದ ಮೇಲೆ ಎತ್ತಿ ಕೂರಿಸಿ.