ಅಳತೆ ಕೇಳುವವರು ಬೇಕು

ತೀರ್ಥಹಳ್ಳಿ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಆಡಿದ ಮಾತುಗಳ ಬಗ್ಗೆ ಕಳೆದ ತಿಂಗಳು ನಾವು ಪ್ರಕಟಿಸಿದ ಲೇಖನ ನಿಮಗೆ ಸಿಟ್ಟು ತರಿಸಿದೆ. 'ಮಾತಾಡಿದ್ದನ್ನೇ ಎಷ್ಟು ದಿನ ಹೊಗಳ್ತೀರಿ? ಈಗಿನವರೂ ಅಡಿಕೆ, ಗೊಬ್ಬರ, ತೆರಿಗೆ, ಮಂಗನ ಕಾಟ ಅಂತ ದೆಹಲಿಯಲ್ಲಿ ಪ್ರಶ್ನೆ ಕೇಳ್ತಾನೇ ಇದ್ದಾರೆ. ನನ್ನ ತೋಟದ ಎಲೆಚುಕ್ಕೆ ಹೋಯ್ತಾ? ಸದನದ ಮಾತು ಸುಮ್ನೆ ಗಾಳಿಗೆ ಹೋಗುತ್ತೆ, ಅಷ್ಟೇ' ಎಂದು ಬರೆದಿದ್ದೀರಿ. ಎಲೆಚುಕ್ಕೆ ರೋಗದಿಂದ ಒಣಗಿದ ಅಡಿಕೆ ತೋಟ ನೋಡಿಕೊಂಡು ಬರೆದವರಿಗೆ ಎರಡು ಸಾಲಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ಒಂದು ಕೊಳಗದಿಂದ ಶುರು ಮಾಡುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಕೊಳಗ ಇದೆ. ಮರದ್ದು. ಬಾಯಿಗೆ ಕಬ್ಬಿಣದ ಪಟ್ಟಿ ಬಡಿದಿದ್ದಾರೆ. ಚಿಕ್ಕವನಿದ್ದಾಗ ಅಜ್ಜ ಅದರಲ್ಲಿ ಭತ್ತ ಅಳೆಯುವುದನ್ನು ನೋಡಿದ್ದೇನೆ. ಭತ್ತ ಸುರಿದು, ಕೋಲಿನಿಂದ ಬಾಯಿ ಸವರಿದರೆ ಒಂದು ಲೆಕ್ಕ. ಕೊಳಗವನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಭತ್ತ ಇಳಿದ ಮೇಲೆ ಇನ್ನಷ್ಟು ಸುರಿದು, ಗೋಪುರದ ಹಾಗೆ ತುಂಬಿದರೆ ಇನ್ನೊಂದು ಲೆಕ್ಕ. ಹೆಸರು ಮಾತ್ರ ಎರಡಕ್ಕೂ ಒಂದೇ, 'ಒಂದು ಕೊಳಗ'.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಅಂದರೆ ಒಡೆಯರ ಜಮೀನು ಉತ್ತು ಅವರಿಗೆ ಭತ್ತ ಅಳೆದು ಕೊಡುತ್ತಿದ್ದವರು, ಎದ್ದು ನಿಂತಿದ್ದು ಈ ಲೆಕ್ಕಕ್ಕೇ. ಗೇಣಿ ಅಳೆಯುವ ಕೊಳಗ ದೊಡ್ಡದು, ಇದು ಮೋಸ ಎಂದು ಗೇಣಿಗೆ ಉಳುತ್ತಿದ್ದ ದೀವರ ಸಮುದಾಯದ ಜನ ಹೇಳಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಸಮಾಜವಾದಿ ಯುವಕರು ಜೊತೆಯಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೂ ಒಳಗಾದರು. ಮರುವರ್ಷ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದು ಹೋದರು. ನಿಮ್ಮದೇ ತಾಲ್ಲೂಕಿನ ಆರಗದವರು. ಆಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. ಅಂಗಳದಲ್ಲಿ ಪಿಸುಮಾತಿನಲ್ಲಿ ನಡೆಯುತ್ತಿದ್ದ ಜಗಳಕ್ಕೆ ಅವರಂಥವರಿಂದ ಸದನದೊಳಗೆ ಒಂದು ಜಾಗ ಸಿಕ್ಕಿತು.

ಅವರ ಭಾಷಣದಿಂದಲೇ ಕಾಯ್ದೆ ಬಂತು ಅಂತ ನಾನು ಹೇಳಲ್ಲ. ಗೌಡರು 1972ರಲ್ಲಿ ತೀರಿಕೊಂಡರು. ಗೇಣಿ ಪದ್ಧತಿಯನ್ನು ಬುಡಸಮೇತ ಕಿತ್ತ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಕಾಗೋಡಿನಿಂದ ಲೆಕ್ಕ ಹಾಕಿದರೆ 23 ವರ್ಷ. ಬೆಳೆಗಾರನಿಗೆ 23 ವರ್ಷ ಕಾಯಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅಷ್ಟೂ ವರ್ಷ ಸದನದಲ್ಲಿ ಯಾರೂ ಆ ಮಾತು ಎತ್ತದೇ ಇದ್ದಿದ್ದರೆ, 1974ರಲ್ಲಿ ಕಾಯ್ದೆ ಬರೆಯಲು ಕೂತವರ ಮುಂದೆ ಏನಿರುತ್ತಿತ್ತು?

ಸದನಕ್ಕೆ ಕೇಳಿಸದ ಮಾತು ಬೀದಿಗೆ ಬಂದಿದ್ದನ್ನೂ ನಾವು ನೋಡಿದ್ದೇವೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಿನ ಕರ, ಅದರ ಮೇಲೆ ಅಭಿವೃದ್ಧಿ ಕರ. ಬೆಟರ್‌ಮೆಂಟ್ ಲೆವಿ ಅಂತ ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಹೊಲಕ್ಕೆ ನೀರು ಸರಿಯಾಗಿ ಬಂದಿಲ್ಲ, ಕರದ ನೋಟಿಸು ಮಾತ್ರ ಬಂತು ಎಂಬುದು ರೈತರ ಸಂಕಟ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರ ಜೀವ ಹೋಯಿತು. ಒಂದು ಕರದ ಪ್ರಶ್ನೆ ಮಾತಿನಲ್ಲಿ ಬಗೆಹರಿಯದೆ ಅಲ್ಲಿಗೆ ಹೋಗಿ ಮುಟ್ಟಿತು. ಹಾಗಾಗಿ ಸದನದ ಮಾತು ಬರೀ ಗಾಳಿ ಎಂದು ಯಾರಾದರೂ ಅಂದರೆ ನನಗೆ ನರಗುಂದ ನೆನಪಾಗುತ್ತದೆ.

ಈಗ ದೆಹಲಿಗೆ ಬರೋಣ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಕನಿಷ್ಠ 15 ದಿನ ಮೊದಲೇ ನೋಟಿಸು ಕೊಡಬೇಕು, ಆಮೇಲೆ ಲಾಟರಿಯ ಹಾಗೆ ಆರಿಸುತ್ತಾರೆ. ಹಳ್ಳಿಯಿಂದ ಹೋದ ಸದಸ್ಯರು ಕೃಷಿಯ ಬಗ್ಗೆ ಕೇಳಿದ ಎಷ್ಟೋ ಪ್ರಶ್ನೆಗಳಿಗೆ ಬರುವ ಉತ್ತರದ ಮೊದಲ ಸಾಲು ಒಂದೇ: 'ಕೃಷಿ ರಾಜ್ಯದ ವಿಷಯ.' ಈ ಸಾಲು ಸುಳ್ಳಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ಇರುವುದು ರಾಜ್ಯ ಪಟ್ಟಿಯಲ್ಲೇ. ಆದರೆ ನಿಮ್ಮ ತೋಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಹೊರಗಿನಿಂದ ಬರುವ ಅಡಿಕೆಗೆ ಸುಂಕ ಎಷ್ಟು ಎಂದು ತೀರ್ಮಾನಿಸುವುದು ದೆಹಲಿ. ಗೊಬ್ಬರದ ಸಬ್ಸಿಡಿ ದೆಹಲಿ. ಭತ್ತದಂಥ ಬೆಳೆಯ ಬೆಂಬಲ ಬೆಲೆ ದೆಹಲಿ. ಬೆಳೆ ವಿಮೆಯ ನಿಯಮ ಕೂಡ ದೆಹಲಿಯದ್ದೇ. ಒಳ್ಳೆಯ ಸಂಸದರು ಆ ಮೊದಲ ಸಾಲಿಗೆ ಬೆದರದೆ, ದೆಹಲಿಯ ಕೈಲಿ ಏನಿದೆಯೋ ಅದನ್ನೇ ಹಿಡಿದು ಕೇಳುತ್ತಾರೆ.

ಅಡಿಕೆಯನ್ನೇ ನೋಡಿ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇತ್ತು. ಅದಕ್ಕಿಂತ ಅಗ್ಗದ ಮಾಲನ್ನು ತರುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು 351 ಮಾಡಿದರು. ರಾಶಿ ಇಡಿ ಅಡಿಕೆಗೆ ಮಂಡಿಯಲ್ಲಿ ಇವತ್ತು ಏನು ರೇಟು ಎಂದು ಬೆಳಿಗ್ಗೆ ಎದ್ದು ಫೋನ್ ನೋಡುವ ನಿಮಗೆ ಆ 100 ರೂಪಾಯಿ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ತೆರಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಪೇಟೆಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: 'ರೈತರು ತೆರಿಗೆ ಕಟ್ಟಲ್ಲ.' ನನಗೆ ಇದು ಬಹಳ ನೋವು ಕೊಡುವ ಮಾತು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಅದಕ್ಕೆ ತೆರಿಗೆ ಹಾಕುವ ಅಧಿಕಾರ ಇರುವುದು ರಾಜ್ಯಗಳಿಗೆ. ಕರ್ನಾಟಕದಲ್ಲೇ 1957ರಲ್ಲಿ ಕೃಷಿ ಆದಾಯ ತೆರಿಗೆ ಕಾಯ್ದೆ ಬಂತು. ಕಾಫಿ ತೋಟದ ಹಳಬರನ್ನು ಕೇಳಿದರೆ ಅದರ ಕಥೆ ಹೇಳುತ್ತಾರೆ. ಇನ್ನು 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲಿನ ಲೆಕ್ಕ ಕೇಳಿ. ಅಂಗಡಿಯವನು ತಾನು ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು, ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳುತ್ತಾನೆ. ರೈತನಿಗೆ ಆ ದಾರಿ ಇಲ್ಲ. ಗೊಬ್ಬರ, ಔಷಧಿ, ಪೈಪು, ಪಂಪು, ಟ್ರ್ಯಾಕ್ಟರ್ ಕೊಂಡಾಗ ಕಟ್ಟಿದ ತೆರಿಗೆ ಅವನ ಖರ್ಚಿನಲ್ಲೇ ಉಳಿಯುತ್ತದೆ. ಬೆಲೆ ಅವನು ಹೇಳಿದ ಹಾಗೆ ನಡೆಯಲ್ಲವಲ್ಲ, ಹಾಗಾಗಿ ಅದನ್ನು ಮುಂದಕ್ಕೆ ದಾಟಿಸಲೂ ಆಗಲ್ಲ.

ಟ್ರ್ಯಾಕ್ಟರಿಗೆ 12 ಪರ್ಸೆಂಟ್ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಹನಿ ನೀರಾವರಿ ಸಾಮಾನಿಗೂ ಹಾಗೇ. ಇದನ್ನು ತೀರ್ಮಾನಿಸಿದ್ದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತದ ತೂಕ ಮೂರರಲ್ಲಿ ಒಂದು ಪಾಲು, ಎಲ್ಲ ರಾಜ್ಯಗಳದ್ದು ಸೇರಿ ಎರಡು ಪಾಲು. ಅಂದರೆ ನಮ್ಮ ರಾಜ್ಯದ ಮಂತ್ರಿಯೂ ಆ ಮೇಜಿನಲ್ಲಿ ಕೂತಿರುತ್ತಾರೆ. ಗೊಬ್ಬರದ ಮೇಲಿನ 5 ಪರ್ಸೆಂಟ್ ಯಾಕೆ ಎಂದು ನಾವು ಸಂಸದರನ್ನು ಕೇಳುತ್ತೇವೆ, ಆದರೆ 'ಆ ಮೇಜಿನಲ್ಲಿ ನೀವು ಏನು ಹೇಳಿದಿರಿ' ಎಂದು ರಾಜ್ಯದವರನ್ನು ಕೇಳುವುದೇ ಇಲ್ಲ. ಶಾಸಕರು ವಿಧಾನಸಭೆಯಲ್ಲಿ ಈ ಪ್ರಶ್ನೆ ಎತ್ತಬೇಕು.

ಊರಿನ ರಸ್ತೆ, ಚರಂಡಿಯ ಮಾತು ಬಂದರೆ, ಅದಕ್ಕೆ ಸಂಸದರ ನಿಧಿಯಲ್ಲಿ ವರ್ಷಕ್ಕೆ 5 ಕೋಟಿ ಇದೆ. ಒಂದು ಲೋಕಸಭಾ ಕ್ಷೇತ್ರದ ಅಗಲಕ್ಕೆ ಅದು ಎಷ್ಟು ಅಂತ ನಿಮಗೇ ಗೊತ್ತು. ಆ ಕೆಲಸಕ್ಕೆ ಪಂಚಾಯಿತಿ, ಶಾಸಕರು ಇದ್ದಾರೆ.

'ನಮ್ಮವರು ಅಲ್ಲಿ ಹೋಗಿ ಕನ್ನಡದಲ್ಲಿ ಮಾತಾಡಿದರೆ ಯಾರು ಕೇಳ್ತಾರೆ' ಎಂದೂ ಬರೆದಿದ್ದೀರಿ. 1967ರಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಒಪ್ಪಿಗೆ ಕೊಟ್ಟರು. ಅಲ್ಲಿ ಅದಕ್ಕೂ ಮೊದಲು ಕನ್ನಡ ಕೇಳಿಸಿರಲಿಲ್ಲ. ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅವಕಾಶ ಕೊಡಬಹುದು ಎಂದು ಸಂವಿಧಾನದ 120ನೇ ವಿಧಿಯಲ್ಲಿ ಮೊದಲಿನಿಂದಲೂ ಇತ್ತು. ಕೇಳುವ ಒಬ್ಬರು ಬೇಕಿತ್ತು, ಅಷ್ಟೇ. ನೆರೆಯ ಮಹಾರಾಷ್ಟ್ರದ ಹಾತಕಣಂಗಲೆಯ ಸಂಸದರಾಗಿದ್ದ ರಾಜು ಶೆಟ್ಟಿ 2018ರಲ್ಲಿ ಬೆಂಬಲ ಬೆಲೆ ರೈತನ ಹಕ್ಕಾಗಬೇಕು, ಸಾಲದಿಂದ ಅವನಿಗೆ ಬಿಡುಗಡೆ ಸಿಗಬೇಕು ಎಂದು ಎರಡು ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, ಮಂಡಿಸಿದರು. ಎರಡೂ ಕಾಯ್ದೆಯಾಗಲಿಲ್ಲ. 1970ರ ನಂತರ ಯಾವ ಖಾಸಗಿ ಮಸೂದೆಯೂ ಎರಡೂ ಸದನ ದಾಟಿಲ್ಲ. ಆದರೂ ರೈತ ಚಳವಳಿಯ ಬೇಡಿಕೆ ಮಸೂದೆಯ ಭಾಷೆಯಲ್ಲಿ ಸದನದ ಮೇಜಿನ ಮೇಲೆ ಬಂದು ಕೂತಿತು. ನಾನು ಅದನ್ನು ದೊಡ್ಡ ಕೆಲಸ ಎಂದೇ ಎಣಿಸುತ್ತೇನೆ.

ನಿಮ್ಮ ಸಿಟ್ಟನ್ನು ನಾನು ಪೂರ್ತಿ ಒಪ್ಪುವುದು ಒಂದು ಕಡೆ. ಪ್ರಶ್ನೆ ಅಲ್ಲಿಗೆ ಹೋಗುತ್ತದೆ, ಉತ್ತರ ಇಲ್ಲಿಗೆ ಬರುವುದಿಲ್ಲ. ಸಂಸದರು ಇಷ್ಟು ಪ್ರಶ್ನೆ ಕೇಳಿದರು ಎಂದು ಲೆಕ್ಕ ಕೊಡುತ್ತಾರೆ. ಆ ಲೆಕ್ಕವನ್ನು ನಮ್ಮ ಪತ್ರಿಕೆಯೂ ಹಾಗೇ ಅಚ್ಚು ಹಾಕಿದೆ. ಅದು ನಮ್ಮ ತಪ್ಪು. ಉತ್ತರದಲ್ಲಿ ಏನಿತ್ತು ಎಂದು ನಾವು ಬರೆಯಲಿಲ್ಲ. ಎಷ್ಟೋ ಉತ್ತರಗಳಲ್ಲಿ 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಎಂಬ ಸಾಲು ಇರುತ್ತದೆ. ಓದಿದವರು ಇದು ಜಾರಿಕೊಳ್ಳುವ ಮಾತು ಎಂದು ಪುಟ ಮಡಚುತ್ತಾರೆ. ಆದರೆ ಸಂಸತ್ತಿನ ಪದ್ಧತಿಯಲ್ಲಿ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತೋ ಇಲ್ಲವೋ ನೋಡಲು ಸರ್ಕಾರದ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಮೂರು ತಿಂಗಳಾದ ಮೇಲೆ 'ಆ ಮಾಹಿತಿ ಎಲ್ಲಿ' ಎಂದು ಸಂಸದರಿಗೆ ಊರಿನಿಂದ ಒಂದು ಪತ್ರ ಹೋದರೆ ಅವರೂ ಬಿಡುವ ಹಾಗಿಲ್ಲ. ನಾವು ಅವರನ್ನು ಮದುವೆಗೆ, ಗೃಹಪ್ರವೇಶಕ್ಕೆ ಬಂದರಾ ಇಲ್ವಾ ಎಂದು ಕೇಳುತ್ತೇವೆ. ಇದನ್ನು ಕೇಳುವುದಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ವಿಮೆಯ ಮಾತಿದೆ. 'ಕಂತು ಕಟ್ಟಿದ್ದೆ, ತೋಟ ಹೋಯ್ತು, ಬಂದಿದ್ದು ಏನೂ ಸಾಲಲ್ಲ' ಎಂದಿದ್ದೀರಿ. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಯಾರೂ ನಿಮ್ಮ ತೋಟಕ್ಕೆ ಬಂದು ಎಷ್ಟು ಮರ ಹಾಳಾಗಿದೆ ಎಂದು ಎಣಿಸುವುದಿಲ್ಲ. ನಿಮ್ಮ ಭಾಗದ ಮಳೆಮಾಪಕದ ಅಂಕಿ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ಆ ಯಂತ್ರ ಕೆಟ್ಟಿದ್ದರೆ? ನಿಮ್ಮ ಗುಡ್ಡದ ಈಚೆ ಸುರಿದ ಮಳೆ ಆಚೆ ನಿಂತ ಯಂತ್ರಕ್ಕೆ ಗೊತ್ತಾಗದಿದ್ದರೆ? ಕಾಗೋಡಿನವರು ಕೊಳಗ ತೋರಿಸಿ ಕೇಳಿದ ಪ್ರಶ್ನೆ ಇದೇ ಅಲ್ವಾ?

ಮುಂದಿನ ಸಂಚಿಕೆಯಿಂದ ಒಂದು ಪುಟವನ್ನು ಸದನದ ಉತ್ತರಗಳಿಗೇ ಇಡುತ್ತಿದ್ದೇವೆ. ಕೇಳಿದ್ದು ಏನು, ಬಂದ ಉತ್ತರ ಏನು, ಮೂರು ತಿಂಗಳಾದ ಮೇಲೆ ಏನಾಯಿತು, ಈ ಮೂರನ್ನೂ ಅಚ್ಚು ಹಾಕುತ್ತೇವೆ. ಮೊದಲು ನಿಮ್ಮ ತೋಟದಿಂದಲೇ ಶುರು ಮಾಡೋಣ. ಎಷ್ಟು ಎಕರೆ, ಎಲೆಚುಕ್ಕೆ ಯಾವ ತಿಂಗಳು ಕಾಣಿಸಿತು, ಔಷಧಿ ಎಷ್ಟು ಸಲ ಹೊಡೆದಿರಿ, ಕಂತು ಎಷ್ಟು ಕಟ್ಟಿದಿರಿ, ಎಷ್ಟು ಬಂತು, ಮಳೆಮಾಪಕ ನಿಮ್ಮ ತೋಟದಿಂದ ಎಷ್ಟು ದೂರ, ಅದು ಕೆಲಸ ಮಾಡ್ತಿದೆಯಾ? ಒಂದು ಸಲ ಹೋಗಿ ನೋಡಿ ಬನ್ನಿ. ಆಮೇಲೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಒಂದು ಪ್ರತಿ ನಮಗೆ, ಇನ್ನೊಂದು ನಿಮ್ಮ ಸಂಸದರಿಗೆ.

ಸಂಪಾದಕ